ಮಣ್ಣು ವಿಜ್ಞಾನ ಮತ್ತು ಬೇಸಾಯಶಾಸ್ತ್ರ ಶಿಕ್ಷಣ: ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳಲ್ಲಿ

ಮಣ್ಣಿನ ಹುಟ್ಟು, ರಚನೆ, ಗುಣ ಮತ್ತು ಫಲವತ್ತತೆಯನ್ನು ಅಭ್ಯಸಿಸುವ ಶಾಸ್ತ್ರ ಮಣ್ಣು ವಿಜ್ಞಾನ. ಆ ಮಣ್ಣಿನಲ್ಲಿ ಯಾವ ಬೆಳೆಯನ್ನು ಯಾವಾಗ, ಎಷ್ಟು ಅಂತರದಲ್ಲಿ, ಎಷ್ಟು ನೀರು ಗೊಬ್ಬರ ಕೊಟ್ಟು ಬೆಳೆಯಬೇಕೆಂಬುದನ್ನು ಪ್ರಯೋಗದಿಂದ ಗೊತ್ತುಮಾಡುವ ಶಾಸ್ತ್ರ ಬೇಸಾಯಶಾಸ್ತ್ರ. ಕೃಷಿ ಪದವಿಯಲ್ಲಿ ಇವೆರಡೂ ಕಡ್ಡಾಯ ವಿಷಯಗಳು. ಸ್ನಾತಕೋತ್ತರ ಹಂತದಲ್ಲಿ ಬೇರೆ ಬೇರೆ ವಿಭಾಗಗಳು. ಎರಡೂ ನೋಡುವುದು ಅದೇ ಹೊಲವನ್ನು. ಒಂದು ನೆಲದ ಮೇಲ್ಪದರದಿಂದ ಕೆಳಗಿನ ಕಲ್ಲಿನವರೆಗೆ ಇಳಿದು ನೋಡುತ್ತದೆ, ಇನ್ನೊಂದು ಬಿತ್ತನೆಯಿಂದ ಒಕ್ಕಣೆಯವರೆಗೆ ಜೊತೆಗೆ ನಡೆದು ನೋಡುತ್ತದೆ. ಒಂದು ಸೀಮೆಯ ಮಣ್ಣಿಗೆ ಒಗ್ಗಿದ ಕ್ರಮ ಪಕ್ಕದ ಸೀಮೆಗೆ ಒಗ್ಗದಿರಬಹುದಾದ್ದರಿಂದ ಈ ಶಿಕ್ಷಣ ಪುಸ್ತಕದಲ್ಲಿ ಶುರುವಾದರೂ ಆಯಾ ಪ್ರದೇಶದ ಹೊಲದಲ್ಲಿಯೇ ಪೂರ್ತಿಯಾಗುತ್ತದೆ. ಕೆಂಪು ನೆಲ, ಎರೆ ಭೂಮಿ, ಜಂಬಿಟ್ಟಿಗೆಯ ಮಲೆನಾಡು, ಕರಾವಳಿಯ ಮರಳು ಇವೆಲ್ಲ ಒಂದೇ ರಾಜ್ಯದೊಳಗೆ ಸಿಗುವ ಕರ್ನಾಟಕ ಇದಕ್ಕೆ ಒಳ್ಳೆಯ ನಿದರ್ಶನ.

ಹಿನ್ನೆಲೆ

ಭಾರತದಲ್ಲಿ ಕೃಷಿಯ ವೈಜ್ಞಾನಿಕ ಅಧ್ಯಯನಕ್ಕೆ ರಸಾಯನಶಾಸ್ತ್ರವೇ ಮೊದಲ ಬಾಗಿಲಾಯಿತು. ಇಂಗ್ಲೆಂಡಿನಿಂದ ಬಂದು ದೇಶ ಸುತ್ತಿದ ಕೃಷಿ ರಸಾಯನಶಾಸ್ತ್ರಜ್ಞ ಜೆ.ಎ. ವೋಲ್ಕರ್ ಅವರ ವರದಿ 1893ರಲ್ಲಿ ಪ್ರಕಟವಾಯಿತು. 1905ರಲ್ಲಿ ಬಿಹಾರದ ಪೂಸಾದಲ್ಲಿ ಕೇಂದ್ರ ಸಂಶೋಧನಾ ಸಂಸ್ಥೆ ಹುಟ್ಟಿತು. 1934ರ ಭೂಕಂಪದಲ್ಲಿ ಅದರ ಕಟ್ಟಡ ಹಾಳಾದ ಮೇಲೆ 1936ರಲ್ಲಿ ದೆಹಲಿಗೆ ಬಂತು. ಈಗ ಅದೇ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೊದಲಾಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಅಲ್ಲಿ 30 ಎಕರೆ ನೆಲವನ್ನು ಪ್ರಯೋಗ ಕ್ಷೇತ್ರಕ್ಕೆ ಕೊಟ್ಟರು. ಸಂಸ್ಥಾನದ ಕೃಷಿ ರಸಾಯನಶಾಸ್ತ್ರಜ್ಞರಾಗಿ ಬಂದ ಅಡಾಲ್ಫ್ ಲೆಹ್ಮನ್ ಅವರು ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಅಳೆಯತೊಡಗಿದರು. ಅವರ ಬಳಿಕ ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದವರು ಕೆನಡಾದ ಲೆಸ್ಲಿ ಕೋಲ್‌ಮನ್. ಅವರ ಕಾಲದಲ್ಲಿ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಪದವಿ ಬೇಕಾದವರು ಅಂದು ಪುಣೆ, ಕೊಯಮತ್ತೂರುಗಳ ಕಡೆ ನೋಡಬೇಕಿತ್ತು. ಹೆಬ್ಬಾಳದಲ್ಲಿ 1946ರಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ 1947ರಲ್ಲಿ ಕೃಷಿ ಕಾಲೇಜುಗಳು ಬಂದ ಮೇಲೆ ಆ ಕೊರತೆ ನೀಗಿತು.

ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತರುವ ಅಮೆರಿಕದ ಮಾದರಿಯನ್ನು ಅನುಸರಿಸಿ 1960ರಲ್ಲಿ ಪಂತ್‌ನಗರದಲ್ಲಿ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾದಾಗ ಹೆಬ್ಬಾಳ, ಧಾರವಾಡ ಕಾಲೇಜುಗಳು ಅದರೊಳಗೆ ಬಂದವು. ಕೆ.ಸಿ. ನಾಯಕ್ ಅವರು ಮೊದಲ ಕುಲಪತಿ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ನೆರವು ಆರಂಭದ ವರ್ಷಗಳಲ್ಲಿ ದೊರೆಯಿತು. ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಎಲ್ಲರ ಬಾಯಲ್ಲಿರುವ ಜಿಕೆವಿಕೆ, ಆಮೇಲೆ ಅದರ ಮುಖ್ಯ ಆವರಣವಾಯಿತು. ರಾಜ್ಯದ ಬೇರೆ ಬೇರೆ ಹವೆ, ನೆಲಗಳಿಗೆ ಒಂದೇ ಕೇಂದ್ರ ಸಾಲದೆಂದು 1986ರಲ್ಲಿ ಧಾರವಾಡ, 2009ರಲ್ಲಿ ರಾಯಚೂರು, ಅನಂತರ ಶಿವಮೊಗ್ಗ ವಿಶ್ವವಿದ್ಯಾಲಯಗಳು ರೂಪುಗೊಂಡವು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆಗೇ ಪ್ರತ್ಯೇಕ ವಿಶ್ವವಿದ್ಯಾಲಯವಿದೆ.

ಪದವಿ ವ್ಯಾಸಂಗದ ಚೌಕಟ್ಟು

ಕೃಷಿ ಬಿ.ಎಸ್ಸಿ. ಆನರ್ಸ್ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ವ್ಯಾಸಂಗ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ನೇಮಿಸುವ ಡೀನ್‌ಗಳ ಸಮಿತಿ ಕಾಲಕಾಲಕ್ಕೆ ಕೊಡುವ ಮಾದರಿ ಪಠ್ಯಕ್ರಮವೇ ಇದಕ್ಕೆ ತಳಹದಿ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೇರುತ್ತಾರೆ. ಕರ್ನಾಟಕದಲ್ಲಿ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಿ ಹೇಳುವ ಈ ಪರೀಕ್ಷೆಯಲ್ಲಿ ಮನೆಯ ಹೊಲದಲ್ಲಿ ದುಡಿದ ಅನುಭವವೇ ಓದು.

ಪ್ರತಿ ವಿಷಯಕ್ಕೂ ತರಗತಿಯ ಪಾಠ, ಪ್ರಾಯೋಗಿಕ ಎರಡೂ ಉಂಟು. ಮಣ್ಣು ವಿಜ್ಞಾನ, ಬೇಸಾಯಶಾಸ್ತ್ರದ ಮೂಲಪಾಠಗಳು ಮೊದಲ ವರ್ಷದಲ್ಲಿಯೇ ಬರುತ್ತವೆ. ತಳಿಶಾಸ್ತ್ರ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ಕೃಷಿ ಎಂಜಿನಿಯರಿಂಗ್, ವಿಸ್ತರಣೆ ಇವುಗಳ ಜೊತೆಗೆ ಮುಂದಿನ ಸೆಮಿಸ್ಟರುಗಳಲ್ಲಿ ಮಣ್ಣಿನ ಫಲವತ್ತತೆ, ಸಮಸ್ಯಾತ್ಮಕ ಮಣ್ಣುಗಳ ಸುಧಾರಣೆ, ಮುಂಗಾರು ಮತ್ತು ಹಿಂಗಾರು ಬೆಳೆಗಳು, ಕಳೆ ನಿರ್ವಹಣೆ, ನೀರಾವರಿ, ಒಣಬೇಸಾಯ, ಬೆಳೆ ಪದ್ಧತಿಗಳು ಸೇರಿಕೊಳ್ಳುತ್ತವೆ. ಪಾಠದ ಮಾಧ್ಯಮ ಇಂಗ್ಲಿಷ್.

ಮಣ್ಣು ವಿಜ್ಞಾನದ ಪಾಠ: ಗುಂಡಿ

ಮಣ್ಣೆಂದರೆ ಬರಿಯ ಕಲ್ಲಿನ ಪುಡಿಯಲ್ಲ, ತನ್ನದೇ ಚರಿತ್ರೆಯುಳ್ಳ ಸ್ವತಂತ್ರ ವಸ್ತು ಎಂಬ ವಿಚಾರದಿಂದ ಈ ಶಾಸ್ತ್ರ ಆರಂಭವಾಗುತ್ತದೆ. ರಷ್ಯಾದ ವಿ.ವಿ. ದೊಕುಚಾಯೆವ್ ಅವರು ಅಲ್ಲಿನ ಕಪ್ಪು ನೆಲದ ಬಗ್ಗೆ 1883ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೆ ಬುನಾದಿ ಹಾಕಿತು. ಮೂಲಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಈ ಐದೂ ಸೇರಿ ಮಣ್ಣನ್ನು ರೂಪಿಸುತ್ತವೆ ಎಂಬುದನ್ನು ಹಾನ್ಸ್ ಜೆನ್ನಿ 1941ರಲ್ಲಿ ಸೂತ್ರರೂಪಕ್ಕೆ ತಂದರು.

ಇದನ್ನು ಕಣ್ಣಾರೆ ಕಾಣಲು ವಿದ್ಯಾರ್ಥಿಗಳು ಗುಂಡಿಗೆ ಇಳಿಯುತ್ತಾರೆ. ಒಂದೂವರೆ, ಎರಡು ಮೀಟರ್ ಆಳ ತೋಡಿದ ಗುಂಡಿಯ ಒಂದು ಗೋಡೆಯನ್ನು ಚಾಕುವಿನಿಂದ ಕೆರೆದು, ಪದರಗಳನ್ನು ಗುರುತಿಸಿ, ಪ್ರತಿ ಪದರದ ಬಣ್ಣವನ್ನು ಮುನ್ಸೆಲ್ ಬಣ್ಣದ ಪುಸ್ತಕದ ಚೌಕಗಳೊಂದಿಗೆ ಹೋಲಿಸಿ ಬರೆದುಕೊಳ್ಳಬೇಕು. ಹಿಡಿ ಮಣ್ಣನ್ನು ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಪಟ್ಟಿಯಂತೆ ಒತ್ತಿ ನೋಡುವುದು ಕಣಗಾತ್ರ ತಿಳಿಯುವ ಕ್ಷೇತ್ರವಿಧಾನ. ಪಟ್ಟಿ ಮುರಿಯದೆ ಉದ್ದ ಬಂದಷ್ಟೂ ಜೇಡಿ ಹೆಚ್ಚು. ಕರಕರ ಎಂದರೆ ಮರಳು. ಪ್ರಯೋಗಾಲಯದಲ್ಲಿ ಇದನ್ನೇ ನೀರಿನಲ್ಲಿ ಕಣಗಳು ತಂಗುವ ವೇಗದಿಂದ ಅಳೆಯುತ್ತಾರೆ. ಎರಡು ಮೈಕ್ರಾನಿಗಿಂತ ಚಿಕ್ಕ ಕಣ ಜೇಡಿ.

ರಾಜ್ಯದ ಮುಖ್ಯ ಮಣ್ಣುಗಳ ಪರಿಚಯ ಈ ಗುಂಡಿಗಳಲ್ಲಿಯೇ ಆಗುತ್ತದೆ. ದಕ್ಷಿಣದ ಬಯಲುಸೀಮೆಯ ಕೆಂಪು ಮಣ್ಣು ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಹುಟ್ಟಿದ್ದು. ಬಣ್ಣ ಕಬ್ಬಿಣದ ಆಕ್ಸೈಡಿನದು. ಇದು ನೀರನ್ನು ಬೇಗ ಕುಡಿದು ಬೇಗ ಬಿಡುತ್ತದೆ, ಜೋರು ಮಳೆಯ ಮೇಲೆ ಬಿಸಿಲು ಬಿದ್ದರೆ ಹೆಪ್ಪುಗಟ್ಟಿ ಮೊಳಕೆಗೆ ತಡೆಯಾಗುತ್ತದೆ. ಉತ್ತರದ ಎರೆ ಭೂಮಿಯಲ್ಲಿ ಉಬ್ಬುವ ಜಾತಿಯ ಜೇಡಿ ಇದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಆಳವಾದ ಬಿರುಕು ಬಿಡುವುದು ಅದರಿಂದ. ಕಪ್ಪಗಿದ್ದ ಮಾತ್ರಕ್ಕೆ ಎರೆಯಲ್ಲಿ ಸಾವಯವ ಅಂಶ ಹೇರಳ ಎಂದು ತಿಳಿಯುವುದು ಹೊಸಬರ ಸಾಮಾನ್ಯ ತಪ್ಪು. ಅಳೆದು ನೋಡಿದರೆ ಅನೇಕ ಎರೆ ಹೊಲಗಳಲ್ಲಿ ಸಾವಯವ ಇಂಗಾಲ ಕಡಿಮೆಯೇ; ಆ ಕಪ್ಪು ಜೇಡಿಗೂ ಸ್ವಲ್ಪ ಹ್ಯೂಮಸಿಗೂ ಬೆಸುಗೆಯಾದುದರ ಫಲ. ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಮಣ್ಣಿನಲ್ಲಿ ಭಾರಿ ಮಳೆ ಸುಣ್ಣದಂಥ ಲವಣಗಳನ್ನು ತೊಳೆದು ಹುಳಿಯನ್ನು ಉಳಿಸಿದೆ. ಇದರ ಶಿಲೆಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್. ಮಲಬಾರಿನಲ್ಲಿ ಅದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರು ಕಟ್ಟಿದರು.

ವರ್ಗೀಕರಣಕ್ಕೆ ಅಮೆರಿಕದ ಕೃಷಿ ಇಲಾಖೆಯ ಪದ್ಧತಿಯನ್ನು ಕಲಿಸುತ್ತಾರೆ. ಹನ್ನೆರಡು ವರ್ಗಗಳ ಈ ಪದ್ಧತಿಯಲ್ಲಿ ಎರೆ ಮಣ್ಣು ವರ್ಟಿಸಾಲ್, ಬಯಲುಸೀಮೆಯ ಬಹುಪಾಲು ಕೆಂಪು ಮಣ್ಣು ಆಲ್ಫಿಸಾಲ್. ಹಳ್ಳಿಯವರ ವರ್ಗೀಕರಣವೂ ಕಡೆಗಣಿಸುವಂಥದ್ದಲ್ಲ. ಎರೆ, ಮಸಾರಿ, ಗರಸು, ಸವಳು, ಜೌಳು, ಕರಲು ಎಂಬ ಮಾತುಗಳಲ್ಲಿ ಬಣ್ಣ, ಆಳ, ಲವಣ, ನೀರು ಬಸಿಯುವ ಬಗೆ ಎಲ್ಲವೂ ಅಡಗಿವೆ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹೆಬ್ಬಾಳದಲ್ಲಿಯೇ ಇದೆ. ಸುಜಲಾ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ಈ ಕೇಂದ್ರವೂ ಕೃಷಿ ವಿಶ್ವವಿದ್ಯಾಲಯಗಳೂ ಸರ್ವೆ ನಂಬರಿನ ಮಟ್ಟದವರೆಗೆ ಭೂಸಂಪನ್ಮೂಲ ಸಮೀಕ್ಷೆ ನಡೆಸಿದವು.

ಮಣ್ಣು ವಿಜ್ಞಾನದ ಪಾಠ: ಪರೀಕ್ಷೆ

ಮಣ್ಣು ಪರೀಕ್ಷೆಯಲ್ಲಿ ಅತಿ ದೊಡ್ಡ ತಪ್ಪು ಆಗುವುದು ಹೊಲದಲ್ಲಿ, ಮಾದರಿ ತೆಗೆಯುವಾಗ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಪದರ ಸುಮಾರು 22.4 ಲಕ್ಷ ಕಿಲೋ ತೂಗುತ್ತದೆ. ಲಭ್ಯ ಸಾರಜನಕವನ್ನು ಅಳೆಯಲು ತೆಗೆದುಕೊಳ್ಳುವ ಮಣ್ಣು 20 ಗ್ರಾಂ. ಈ ಚಿಟಿಕೆ ಆ ರಾಶಿಯ ಪರವಾಗಿ ಮಾತಾಡಬೇಕಾದರೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಬದು, ತಿಪ್ಪೆ, ಮರದ ನೆರಳು, ಕಾಲುವೆ ಬದಿಗಳನ್ನು ಬಿಟ್ಟು, ಹತ್ತಾರು ಕಡೆ ಇಂಗ್ಲಿಷಿನ ವಿ ಅಕ್ಷರದಂತೆ ಗುಂಡಿ ತೆಗೆದು, ಅದರ ಗೋಡೆಯ ಮಣ್ಣನ್ನು ಕೆರೆದು ಒಟ್ಟುಗೂಡಿಸಬೇಕು. ಆ ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಉಳಿಸಿಕೊಳ್ಳುತ್ತ, ಅರ್ಧ ಕಿಲೋ ಉಳಿಯುವವರೆಗೆ ಇದನ್ನೇ ಮರಳಿ ಮಾಡಬೇಕು.

ನೆರಳಿನಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣಿನಲ್ಲಿ ಮೊದಲು ನೋಡುವುದು ರಸಸಾರ ಮತ್ತು ಲವಣಾಂಶ. ಸಾವಯವ ಇಂಗಾಲಕ್ಕೆ ವಾಕ್ಲಿ ಮತ್ತು ಬ್ಲ್ಯಾಕ್ ಅವರ 1934ರ ವಿಧಾನವಿದೆ, ಶೇ 0.5ಕ್ಕಿಂತ ಕಡಿಮೆಯಾದರೆ ಕೊರತೆ, 0.75ಕ್ಕಿಂತ ಮೇಲಾದರೆ ಸಮೃದ್ಧಿ. ಲಭ್ಯ ಸಾರಜನಕಕ್ಕೆ ಸುಬ್ಬಯ್ಯ ಮತ್ತು ಅಸಿಜಾ ಅವರ ಪರ್ಮಾಂಗನೇಟ್ ವಿಧಾನ. ಇದು 1956ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದದ್ದು. ಹೆಕ್ಟೇರಿಗೆ 280 ಕಿಲೋಗಿಂತ ಕೆಳಗಿದ್ದರೆ ಕಡಿಮೆ, 560 ದಾಟಿದರೆ ಹೆಚ್ಚು. ರಂಜಕಕ್ಕೆ ಮಾತ್ರ ಮಣ್ಣು ನೋಡಿ ವಿಧಾನ ಆರಿಸಬೇಕು: ಸುಣ್ಣವಿರುವ ಎರೆಗೆ ಓಲ್ಸನ್ ವಿಧಾನ, ಹುಳಿ ಮಣ್ಣಿಗೆ ಬ್ರೇ ವಿಧಾನ. ಅದಲುಬದಲಾದರೆ ಅಂಕಿ ಬರುತ್ತದೆ, ಅರ್ಥ ಇರುವುದಿಲ್ಲ.

ಅಂಕಿಯಿಂದ ಶಿಫಾರಸಿಗೆ ಹೋಗುವುದು ಮುಂದಿನ ಪಾಠ. ಹುಳಿ ಮಣ್ಣಿಗೆ ಸುಣ್ಣ ಬೇಕು. ಸೋಡಿಯಂ ತುಂಬಿದ ಕರಲು ಮಣ್ಣಿಗೆ ಜಿಪ್ಸಂ ಹಾಕಿ ನೀರು ಬಸಿದು ಹೋಗುವಂತೆ ಮಾಡಬೇಕು. ಬರಿಯ ಸವಳಿಗೆ ಒಳ್ಳೆಯ ನೀರು ನಿಲ್ಲಿಸಿ ಲವಣ ತೊಳೆದು ಬಸಿಗಾಲುವೆಯಲ್ಲಿ ಬಿಟ್ಟರೆ ಸಾಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರಾವರಿ ಬಂದ ಮೇಲೆ ಸವಳು, ಜೌಳು ಹರಡಿದ್ದರಿಂದ ಗಂಗಾವತಿಯ ಸಂಶೋಧನಾ ಕೇಂದ್ರ ಈ ಅಧ್ಯಯನಕ್ಕೆ ಹೆಸರಾಗಿದೆ. 2009ರಲ್ಲಿ ಆರಂಭವಾದ ಭೂಚೇತನ ಕಾರ್ಯಕ್ರಮದಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳ ಮಾದರಿಗಳನ್ನು ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿ ಕಂಡುಬಂತು. ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೇ ನೋಡಿದರೆ ಸಾಲದು ಎಂಬ ಪಾಠಕ್ಕೆ ಇದು ಮನೆಯಂಗಳದ ಉದಾಹರಣೆ.

ಬೇಸಾಯಶಾಸ್ತ್ರದ ಪಾಠ

ಬೇಸಾಯಶಾಸ್ತ್ರದ ಮೂಲ ಪ್ರಶ್ನೆ ಹದ. ಉಳುಮೆಗೆ ಮಣ್ಣಿನ ಹದ, ಬಿತ್ತನೆಗೆ ಮಳೆಯ ಹದ, ಕಳೆ ತೆಗೆಯಲು ಪೈರಿನ ವಯಸ್ಸು, ಕೊಯ್ಲಿಗೆ ಕಾಳಿನ ಬಲಿತ ಇವುಗಳನ್ನು ಅಳೆಯಬಹುದಾದ ಮಾತುಗಳಲ್ಲಿ ಹೇಳುವುದು ಇದರ ಕೆಲಸ. ರೈತರು ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆ ನಕ್ಷತ್ರಗಳಲ್ಲಿ ಲೆಕ್ಕ ಹಾಕುವುದನ್ನು ವಿಶ್ವವಿದ್ಯಾಲಯದಲ್ಲಿ ವರ್ಷದ 52 ಹವಾಮಾನ ವಾರಗಳ ಲೆಕ್ಕಕ್ಕೆ ತಿರುಗಿಸುತ್ತಾರೆ. ಎರಡನ್ನೂ ಬಲ್ಲವನಿಗೆ ಮಾತ್ರ ಶಿಫಾರಸನ್ನು ಹೊಲದವರೆಗೆ ಒಯ್ಯಲು ಸಾಧ್ಯ.

ಲೆಕ್ಕಗಳು ಸರಳ, ಆದರೆ ತಪ್ಪುವಂತಿಲ್ಲ. ಸಾಲಿನಿಂದ ಸಾಲಿಗೆ 30, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಬಿಟ್ಟರೆ ಹೆಕ್ಟೇರಿಗೆ 3.33 ಲಕ್ಷ ಗಿಡ. ಹೆಕ್ಟೇರಿಗೆ 50 ಕಿಲೋ ಸಾರಜನಕ, 40 ಕಿಲೋ ರಂಜಕ ಕೊಡಬೇಕಿದ್ದು ಕೈಯಲ್ಲಿರುವುದು ಡಿಎಪಿ ಮತ್ತು ಯೂರಿಯಾ ಎಂದಾದರೆ, ರಂಜಕಕ್ಕಾಗಿ 87 ಕಿಲೋ ಡಿಎಪಿ ಬೇಕು; ಅದರಲ್ಲಿಯೇ ಸುಮಾರು 15.7 ಕಿಲೋ ಸಾರಜನಕ ಬರುವುದರಿಂದ ಉಳಿದದ್ದಕ್ಕೆ 75 ಕಿಲೋ ಯೂರಿಯಾ ಸಾಕು. ಡಿಎಪಿಯೊಳಗಿನ ಸಾರಜನಕವನ್ನು ಕಳೆಯಲು ಮರೆತವರು ಬೆಳೆಯನ್ನು ಮಲಗಿಸುತ್ತಾರೆ, ದುಡ್ಡನ್ನೂ ಕಳೆಯುತ್ತಾರೆ.

ಪ್ರಾಯೋಗಿಕಕ್ಕಾಗಿ ವಿದ್ಯಾರ್ಥಿಗಳಿಗೆ ಮುಂಗಾರಿನಲ್ಲಿ ಒಮ್ಮೆ, ಹಿಂಗಾರಿನಲ್ಲಿ ಒಮ್ಮೆ ತುಂಡು ನೆಲ ಕೊಡುತ್ತಾರೆ. ಮಡಿ ಹದಮಾಡಿ, ಬಿತ್ತಿ, ಕಳೆ ಕಿತ್ತು, ಕೊಯ್ದು, ಒಕ್ಕಿ, ಖರ್ಚು ಆದಾಯಗಳ ಲೆಕ್ಕ ಬರೆದು ಒಪ್ಪಿಸಬೇಕು. ಗರಿಕೆ, ಜೇಕು, ಪಾರ್ಥೇನಿಯಂ ಮುಂತಾದ ಕಳೆಗಳನ್ನು ಒಣಗಿಸಿ ಅಂಟಿಸಿದ ಸಂಗ್ರಹ ಮಾಡುವುದೂ ರೂಢಿ.

ಸೀಮೆಗೊಂದು ಬೇಸಾಯ ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದು, ಸಂಶೋಧನಾ ಕೇಂದ್ರಗಳೂ ಆ ವಲಯಗಳನ್ನು ಅನುಸರಿಸುತ್ತವೆ. ವಿಜಯಪುರದ ಎರೆಯಲ್ಲಿ ಜೋಳ ಬೆಳೆಯುವುದು ಹಿಂಗಾರಿನಲ್ಲಿ, ನೆಲದೊಳಗೆ ಉಳಿದ ತೇವದ ಮೇಲೆ. ಹಾಗಾಗಿ ಮುಂಗಾರಿನ ನೀರನ್ನು ಹೊಲದಲ್ಲಿಯೇ ಇಂಗಿಸಲು ಚೌಕು ಮಡಿ ಕಟ್ಟುವುದು ಅಲ್ಲಿನ ಶಿಫಾರಸು. ಕೆಂಪು ನೆಲದ ರಾಗಿಗೆ ಅಷ್ಟು ದಿನ ತೇವ ನಿಲ್ಲದು; ಅಲ್ಲಿ ಮಳೆ ಇರುವಾಗಲೇ ಬೆಳೆ ಮುಗಿಯಬೇಕು. ಮಳೆ ತಡವಾದರೆ ದೀರ್ಘಾವಧಿ ತಳಿಯನ್ನು ಬಿಟ್ಟು ಅಲ್ಪಾವಧಿ ತಳಿಗೆ ಹೋಗಬೇಕು.

ರೂಢಿಯ ಬೇಸಾಯವನ್ನು ಅಳೆದು ನೋಡುವುದೂ ಈ ಶಾಸ್ತ್ರದ ಪಾಲಿನದೇ. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವುದು ಹಳೆಯ ಪದ್ಧತಿ; ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ಪ್ರಮಾಣ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪ್ರಯೋಗಗಳಿಂದ ಶಿಫಾರಸಾದದ್ದು. ಹಾವೇರಿ ಭಾಗದ ಗುಳಿ ರಾಗಿಯಲ್ಲಿ ಸಸಿಗಳನ್ನು ವಿರಳವಾಗಿ, ಚೌಕಾಕಾರದಲ್ಲಿ ನೆಟ್ಟು ಎರಡೂ ದಿಕ್ಕಿಗೆ ಎಡೆ ಹೊಡೆಯುತ್ತಾರೆ. ಬುಡಕ್ಕೆ ಜಾಗ, ಗಾಳಿ ಸಿಕ್ಕಿ ತೆಂಡೆ ಹೆಚ್ಚುತ್ತದೆ.

ಕ್ಷೇತ್ರ ಪ್ರಯೋಗ

ಎರಡೂ ವಿಭಾಗಗಳು ಒಂದಾಗುವ ಜಾಗ ಕ್ಷೇತ್ರ ಪ್ರಯೋಗ. ಒಂದು ಮಡಿಯಲ್ಲಿ ಇಳುವರಿ ಹೆಚ್ಚು ಬಂದರೆ ಕಾರಣ ಗೊಬ್ಬರವೋ ಅಲ್ಲಿನ ಮಣ್ಣೇ ಒಳ್ಳೆಯದಿತ್ತೋ ಎಂದು ಹೇಳಲಾಗದು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಕ್ಷೇತ್ರ ಪ್ರಯೋಗಗಳು ನಡೆದಿದ್ದವು. ಅಲ್ಲಿಗೆ 1919ರಲ್ಲಿ ಸೇರಿದ ಆರ್.ಎ. ಫಿಶರ್ ಈ ತೊಡಕಿಗೆ ದಾರಿ ಕಂಡುಕೊಂಡರು. ಹೊಲವನ್ನು ಒಂದೇ ಬಗೆಯ ಮಣ್ಣಿನ ಪಟ್ಟೆಗಳಾಗಿ ಭಾಗಿಸಿ, ಪ್ರತಿ ಪಟ್ಟೆಯಲ್ಲೂ ಎಲ್ಲ ಉಪಚಾರಗಳನ್ನು ಒಮ್ಮೊಮ್ಮೆ ಚೀಟಿ ಎತ್ತಿದಂತೆ ಹಂಚಿದರೆ ಮಣ್ಣಿನ ವ್ಯತ್ಯಾಸವನ್ನು ಲೆಕ್ಕದಿಂದ ಬೇರ್ಪಡಿಸಬಹುದು. ಭಾರತದಲ್ಲಿ ವಿ.ಜಿ. ಪಾನ್ಸೆ ಮತ್ತು ಪಿ.ವಿ. ಸುಖಾತ್ಮೆ ಬರೆದ ಸಂಖ್ಯಾಶಾಸ್ತ್ರದ ಕೈಪಿಡಿ ಹಲವು ತಲೆಮಾರುಗಳಿಗೆ ಈ ವಿಧಾನವನ್ನು ಕಲಿಸಿತು. ಅಂಚಿನ ಸಾಲುಗಳಿಗೆ ಬೆಳಕು, ಜಾಗ ಹೆಚ್ಚು ಸಿಗುವುದರಿಂದ ಅವುಗಳ ಇಳುವರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೆಲವು ಉತ್ತರಗಳಿಗೆ ಒಂದು ಹಂಗಾಮು ಸಾಲದು. ಅಖಿಲ ಭಾರತ ದೀರ್ಘಾವಧಿ ಗೊಬ್ಬರ ಪ್ರಯೋಗದ ಭಾಗವಾಗಿ ಜಿಕೆವಿಕೆಯ ಕೆಂಪು ಮಣ್ಣಿನಲ್ಲಿ ರಾಗಿ, ಮುಸುಕಿನ ಜೋಳಗಳ ಸರದಿ 1986ರಿಂದ ನಡೆದಿದೆ. ವರ್ಷವರ್ಷವೂ ಬರಿಯ ಸಾರಜನಕ ಕೊಟ್ಟ ಮಡಿಗಳಲ್ಲಿ ಮಣ್ಣು ಹುಳಿಯಾಗಿ, ಉಳಿದ ಪೋಷಕಾಂಶಗಳು ಬರಿದಾಗಿ ಇಳುವರಿ ಕುಸಿಯಿತು; ಸಮತೋಲನದ ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರವನ್ನೋ ಸುಣ್ಣವನ್ನೋ ಪಡೆದ ಮಡಿಗಳಲ್ಲಿ ಇಳುವರಿ ನಿಂತಿತು. ಯೂರಿಯಾ ಒಂದನ್ನೇ ನೆಚ್ಚಬಾರದೆಂಬ ಸಲಹೆಗೆ ಆಧಾರ ಇಂಥ ಮಡಿಗಳು.

ಹಳ್ಳಿಯ ಸೆಮಿಸ್ಟರ್

ಅಂತಿಮ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ ಇರುತ್ತದೆ. ವಿದ್ಯಾರ್ಥಿಗಳು ತಂಡಗಳಲ್ಲಿ ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ನೆಲೆಸುತ್ತಾರೆ. ಊರವರನ್ನು ಸೇರಿಸಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ, ನೀರಿನ ನೆಲೆ, ಬೆಳೆಯ ಕಾಲಚಕ್ರ ಬಿಡಿಸುವುದು, ಮಣ್ಣಿನ ಮಾದರಿ ತೆಗೆಯುವುದು, ಬೀಜೋಪಚಾರ ತೋರಿಸುವುದು, ಪ್ರಾತ್ಯಕ್ಷಿಕೆ ಮಡಿ ಬೆಳೆಸುವುದು, ಕೊನೆಗೆ ಕೃಷಿ ವಸ್ತುಪ್ರದರ್ಶನ ನಡೆಸುವುದು ವಾಡಿಕೆಯ ಕೆಲಸಗಳು. ಇಂಗ್ಲಿಷಿನಲ್ಲಿ ಕಲಿತದ್ದನ್ನು ಊರಿನ ಕನ್ನಡದಲ್ಲಿ ಹೇಳಬೇಕಾದ ಪರೀಕ್ಷೆಯೂ ಇದೇ. ಕರಲು ಎಂದಾಗ ರೈತರು ಹೇಳುತ್ತಿರುವುದು ಸೋಡಿಯಂ ಮಣ್ಣನ್ನೋ ಲವಣದ ಮಣ್ಣನ್ನೋ ಎಂದು ವಿಚಾರಿಸಿ ತಿಳಿಯದಿದ್ದರೆ ಜಿಪ್ಸಂ ಶಿಫಾರಸು ದಾರಿ ತಪ್ಪುತ್ತದೆ.

ಸ್ನಾತಕೋತ್ತರ ಅಧ್ಯಯನ

ಎಂ.ಎಸ್ಸಿ. ಎರಡು ವರ್ಷಗಳದು, ಪಠ್ಯದ ಜೊತೆಗೆ ಮಹಾಪ್ರಬಂಧ ಕಡ್ಡಾಯ. ಮಣ್ಣು ವಿಜ್ಞಾನದವರು ಮಣ್ಣಿನ ಭೌತಗುಣ, ರಸಾಯನ, ಖನಿಜ, ಜೀವಿಗಳು, ಫಲವತ್ತತೆ, ಸಮೀಕ್ಷೆ ಮತ್ತು ದೂರಸಂವೇದಿ ಇವುಗಳಲ್ಲೊಂದನ್ನು ಆರಿಸಿಕೊಳ್ಳುತ್ತಾರೆ. ಬೇಸಾಯಶಾಸ್ತ್ರದವರಿಗೆ ಕಳೆ, ನೀರು, ಪೋಷಕಾಂಶ, ಒಣಬೇಸಾಯ, ಸಾವಯವ ಕೃಷಿ, ಸಮಗ್ರ ಕೃಷಿ ಪದ್ಧತಿಗಳ ಆಯ್ಕೆಯಿದೆ. ಮಣ್ಣು ಪರೀಕ್ಷೆಯ ಫಲವನ್ನು ನಿಗದಿತ ಇಳುವರಿಯ ಗುರಿಗೆ ಜೋಡಿಸಿ ಗೊಬ್ಬರದ ಸಮೀಕರಣ ಕಟ್ಟುವ ಕೆಲಸ ಬಿ. ರಾಮಮೂರ್ತಿ ಅವರು 1960ರ ದಶಕದಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಇಂದಿಗೂ ಬೆಳೆಯುತ್ತಿದೆ. ಮಣ್ಣಿನಲ್ಲಿ ಇಂಗಾಲ ಹಿಡಿದಿಡುವ ಅಧ್ಯಯನ ಈಚೆಗೆ ಮುಂಚೂಣಿಗೆ ಬಂದಿದೆ; ಲೂಧಿಯಾನದ ಕೃಷಿ ವಿಶ್ವವಿದ್ಯಾಲಯದಲ್ಲಿ ಪದವಿ ಓದಿದ ರತನ್ ಲಾಲ್ ಅವರಿಗೆ 2020ರ ವಿಶ್ವ ಆಹಾರ ಪ್ರಶಸ್ತಿ ಬಂದದ್ದು ಮಣ್ಣಿನ ಆರೋಗ್ಯ ಕುರಿತ ಕೆಲಸಕ್ಕೆ.

ಪದವೀಧರರ ಕಾರ್ಯಕ್ಷೇತ್ರ

ರಾಜ್ಯದಲ್ಲಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳ ಕೃಷಿ ಅಧಿಕಾರಿ ಹುದ್ದೆ ಪದವೀಧರರು ಹೆಚ್ಚಾಗಿ ಬಯಸುವಂಥದ್ದು. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ, ಬೀಜ ಗೊಬ್ಬರ ಕಂಪನಿಗಳ ಕ್ಷೇತ್ರ ಸಿಬ್ಬಂದಿ, ಮಣ್ಣು ಪರೀಕ್ಷಾ ಪ್ರಯೋಗಾಲಯ, ಜಲಾನಯನ ಯೋಜನೆ, ಕೃಷಿ ವಿಜ್ಞಾನ ಕೇಂದ್ರಗಳು ಉಳಿದ ದಾರಿಗಳು. ಸಂಶೋಧನೆಗೆ ಹೋಗುವವರು ರಾಷ್ಟ್ರಮಟ್ಟದ ಪರೀಕ್ಷೆಗಳ ಮೂಲಕ ಪರಿಷತ್ತಿನ ಸಂಸ್ಥೆಗಳನ್ನೋ ವಿಶ್ವವಿದ್ಯಾಲಯಗಳನ್ನೋ ಸೇರುತ್ತಾರೆ. 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿದ ಮೇಲೆ ಪರೀಕ್ಷೆಯ ಅಂಕಿಗಳು ರೈತರ ಕೈಗೆ ದೊಡ್ಡ ಪ್ರಮಾಣದಲ್ಲಿ ತಲುಪತೊಡಗಿದವು. ಚೀಟಿಯಲ್ಲಿರುವ ಅಂಕಿಗಳನ್ನು ಆ ಹೊಲದ ಮಣ್ಣಿನ ಆಳ, ಆ ವರ್ಷದ ಮಳೆ, ಬಿತ್ತಲಿರುವ ಬೆಳೆಗಳೊಂದಿಗೆ ಹೊಂದಿಸಿ ಎಷ್ಟು ಮೂಟೆ ಗೊಬ್ಬರ, ಯಾವಾಗ ಎಂದು ಹೇಳುವುದು ಈ ಎರಡು ಶಾಸ್ತ್ರಗಳನ್ನು ಕೂಡಿ ಓದಿದವರ ಕೆಲಸ.